ಕಸದ ಗುಂಡಿಯ ಲೆಕ್ಕ

ನಮ್ಮ ಲೆಕ್ಕದ ಟೀಚರ್ ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ಅಧಿಕಾರಿಗೂ ಸೊಪ್ಪು ಹಾಕಿದವರಲ್ಲ. ಏಳನೇ ತರಗತಿಗೆ ಅವರು ತಕ್ಕಡಿ ಹಿಡಿದೇ ಬರುತ್ತಿದ್ದರು. ನಾವು ಮನೆಯ ಕಸ ತರಬೇಕು, ಗುಜರಿಗೆ ಹೋಗುವ ಪೇಪರು, ಬಾಟಲಿ ಬೇರೆ ಮಾಡಬೇಕು, ಉಳಿದದ್ದನ್ನು ತೂಗಿ ಊರಿನ ಜನಸಂಖ್ಯೆಗೆ ಲೆಕ್ಕ ಹಾಕಬೇಕು. ಊರಾಚೆಯ ಕಸದ ಗುಂಡಿ ಹದಿನಾಲ್ಕೇ ವರ್ಷಕ್ಕೆ ತುಂಬುತ್ತದೆ ಎಂದು ನಮಗೆ ಉತ್ತರ ಬಂತು. ಗುಂಡಿಯ ಎದುರಿನ ಸರಕಾರಿ ಫಲಕ ಇಪ್ಪತ್ತು ಎನ್ನುತ್ತಿತ್ತು. ಟೀಚರ್ ನಮ್ಮ ಲೆಕ್ಕವನ್ನು ಶಾಲೆಯ ಗೇಟಿನ ಕರಿಹಲಗೆಯ ಮೇಲೆ, ದಾರಿಹೋಕರಿಗೂ ಕಾಣುವಂತೆ ಬರೆಸಿದರು.

ಮೂರನೇ ದಿನ ನಗರಸಭೆಯ ಇಂಜಿನಿಯರು ಬಂದರು.

"ಮಕ್ಕಳಿಗೆ ಯಾಕಮ್ಮ ಇದೆಲ್ಲ? ಅಳಿಸಿಬಿಡಿ."

"ತಪ್ಪು ತೋರಿಸಿ ಸಾರ್, ಅಳಿಸೋಣ," ಎಂದು ಟೀಚರ್ ಸೀಮೆಸುಣ್ಣ ಕೊಟ್ಟರು.

ಅವರು ಫೈಲು ನೋಡಿಕೊಂಡು ನಮ್ಮ ಲೆಕ್ಕದ ಪಕ್ಕದಲ್ಲೇ ತಮ್ಮದನ್ನು ಬರೆದರು. ಇಪ್ಪತ್ತೇ ಬಂತು.

"ಎಲ್ಲಾ ವರ್ಷಕ್ಕೂ ಒಂದೇ ಜನಸಂಖ್ಯೆ ಹಾಕಿದೀರಿ," ಎಂದರು ಟೀಚರ್. "ಇನ್ನು ಇಪ್ಪತ್ತು ವರ್ಷ ಈ ಊರಲ್ಲಿ ಯಾರೂ ಹೆರೋದೇ ಇಲ್ವಾ ಸಾರ್?"

ಇಂಜಿನಿಯರು ಮತ್ತೆ ಫೈಲು ತಿರುವಿದರು. ಟೀಚರ್ ಡಸ್ಟರ್ ತೆಗೆದು ಅವರ ಕೈಗಿಟ್ಟರು.

"ಅಳಿಸಬೇಕು ಅಂದ್ರಲ್ಲ. ಅಳಿಸಿ. ನಿಮ್ಮದನ್ನ."