ಕೆಂಪು ಕಾಳು ಆರಿಸಿದ ಕೈ

ಉತ್ತರದ ಕಿಟಕಿಯ ಕೆಳಗಿನ ಉದ್ದನೆಯ ಮೇಜು ಅಕ್ಕನದು. ಅಲ್ಲಿಗೆ ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಹಾಗಾಗಿ ಕಾಳಿನ ಬಣ್ಣ ಕಣ್ಣಿಗೆ ಮೋಸ ಮಾಡುವುದಿಲ್ಲ. ಆ ದಿನ ಬೆಳಿಗ್ಗೆ ಅವಳು ಬಿಳಿ ತಟ್ಟೆಯಲ್ಲಿ ಬಾರ್ಲಿ ಹರಡಿಕೊಂಡು, ಎಡಗೈಯಲ್ಲಿ ಕಾಳು ಸರಿಸುತ್ತ ಬಲಗೈಯ ಎರಡು ಬೆರಳಲ್ಲಿ ಜೊಳ್ಳು ಎತ್ತುತ್ತಿದ್ದಾಗ ಬಾಗಿಲಲ್ಲಿ ಒಬ್ಬ ರೈತ ಬಂದು ನಿಂತ. ಹೆಗಲ ಮೇಲೆ ಬಟ್ಟೆಯ ಚೀಲವಿತ್ತು.

"ಒಳಗೆ ಬರಬಹುದಾ ಅಕ್ಕಾ?"

"ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ. ಆ ಚೀಲ ಮಾತ್ರ ಮೇಜಿನ ಮೇಲೆ ಇಡಬೇಡಿ ಅಣ್ಣಾ. ಹುಳ ಗಿಳ ಇದ್ರೆ ನನ್ನ ಕಥೆ ಮುಗೀತು."

"ಹುಳ ಎಲ್ಲಿಂದ ಬಂತು? ಹುಳಾನೂ ಮೂಸಿ ನೋಡಲ್ಲ ಇದನ್ನ," ಎಂದು ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಚೀಲದ ಬಾಯಿ ಬಿಚ್ಚಿದ.

ಒಳಗಿದ್ದದ್ದು ಜೋಳದ ತೆನೆಗಳು. ಕಾಳಿನ ಮೇಲೆಲ್ಲ ಬೂದುಬಣ್ಣದ ಬೂಷ್ಟು ಕಟ್ಟಿತ್ತು. ಬೆರಳಿಂದ ಒತ್ತಿದರೆ ಕಾಳು ಹಿಟ್ಟಾಗಿ ಉದುರುತ್ತಿತ್ತು.

ಬೀಜದ ಉಗ್ರಾಣಕ್ಕೆ ಈಗೆಲ್ಲ ರೈತರು ಬರುವುದು ಅಪರೂಪ. ಪೇಟೆಯ ಅಂಚಿನಲ್ಲಿರುವ ಈ ಕಟ್ಟಡ ಹೊರಗಿನಿಂದ ನೋಡಿದರೆ ಹಳೆಯ ಶಾಲೆಯಂತಿದೆ. ಒಳಗೆ ಒಂದು ಆರಿಸುವ ಕೋಣೆ, ಒಂದು ಒಣಗಿಸುವ ಕೋಣೆ, ಆಮೇಲೆ ದಪ್ಪ ಬಾಗಿಲಿನ ತಣ್ಣನೆಯ ಕೋಣೆ. ನೆರೆಹೊರೆಯ ನಾಲ್ಕು ದೇಶಗಳು ಸೇರಿ ಮಾಡಿಕೊಂಡ ಒಪ್ಪಂದದಿಂದ ಇದು ನಡೆಯುತ್ತದೆ. ಹಳ್ಳಿಗಳಿಂದ ತಂದ ಹಳೆಯ ಜೋಳ, ಸಜ್ಜೆ, ಬಾರ್ಲಿ, ನವಣೆಯ ಬೀಜವನ್ನು ಇಲ್ಲಿ ಆರಿಸಿ, ಒಣಗಿಸಿ, ಒಂದು ಪಾಲು ಇಲ್ಲಿಟ್ಟುಕೊಂಡು ಉಳಿದ ಮೂರು ದೇಶಗಳ ಉಗ್ರಾಣಗಳಿಗೂ ಒಂದೊಂದು ಪಾಲು ಕಳಿಸುತ್ತಾರೆ. ಒಂದು ಕಡೆ ಕಳೆದುಹೋದರೆ ಇನ್ನೊಂದು ಕಡೆ ಉಳಿದಿರಲಿ ಎಂಬುದು ಲೆಕ್ಕ. ಇಟ್ಟ ಬೀಜ ಹಳತಾದಂತೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಕಟ್ಟಡದ ಹಿಂದಿನ ಹೊಲದಲ್ಲಿ ಬಿತ್ತಿ, ಹೊಸ ಬೀಜ ಬೆಳೆದು, ಮತ್ತೆ ಆರಿಸಿ ಇಡುತ್ತಾರೆ. ಆ ಎಲ್ಲ ಬೀಜವೂ ಅಕ್ಕನ ಮೇಜಿನ ಮೇಲೆ ಹಾದೇ ಹೋಗಬೇಕು.

ರೈತ ನದಿಯಾಚೆಯ ದೇಶದವನು. ಅವನ ಅಪ್ಪನ ಕಾಲದಲ್ಲಿ ಆ ಊರಿನ ಜೋಳ ಈ ಉಗ್ರಾಣಕ್ಕೆ ಬಂದಿತ್ತು. ಮುಂದೆ ನೆರೆ ಬಂದು ಊರಿನ ಕಣಜಗಳೆಲ್ಲ ಕೊಚ್ಚಿಹೋದವು. ಆಗ ಊರವರು ಒಪ್ಪಂದದ ಪ್ರಕಾರ ತಮ್ಮ ಬೀಜ ವಾಪಸು ಕೇಳಿದರು, ಉಗ್ರಾಣ ಕಳಿಸಿಕೊಟ್ಟಿತು. ಮೊದಲ ವರ್ಷ ಬೆಳೆ ಚೆನ್ನಾಗಿಯೇ ಬಂತು. ಈ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಬಿಡಲೇ ಇಲ್ಲ.

"ನೀವು ಕಳಿಸಿದ ಚೀಲ ಬಿಚ್ಚಿದಾಗ ನಮ್ಮಮ್ಮ ಬೀಜ ಕಣ್ಣಿಗೆ ಒತ್ತಿಕೊಂಡಿದ್ಳು ಅಕ್ಕಾ," ಎಂದ ರೈತ. "ಒಂದು ಕಲ್ಲಿಲ್ಲ, ಒಂದು ಕಸ ಇಲ್ಲ, ಹಾಲು ಚೆಲ್ಲಿದ ಹಾಗಿತ್ತು. ಯಾರ ಕೈಯಪ್ಪಾ ಇದು ಅಂದ್ಳು. ತೆನೆ ಬಂದ ಮೇಲೆ ಹೊಲಕ್ಕೆ ಹೋಗಿ ನೋಡಿ, ಇದ್ರಲ್ಲಿ ಕೆಂಪು ಎಲ್ಲೋ ಅಂತ ಕೇಳಿದ್ಳು. ನಾನು, ವಯಸ್ಸಾಯ್ತು ನಿನಗೆ, ಸುಮ್ನಿರು ಅಂದೆ."

"ಕೆಂಪು ಅಂದ್ರೆ?"

"ನಮ್ಮ ಜೋಳ ಎರಡು ಬಣ್ಣದ್ದು. ಬಿಳೀದು ಹಿಟ್ಟಿಗೆ. ಕೆಂಪು ತೆನೆ ಅಲ್ಲೊಂದು ಇಲ್ಲೊಂದು ಇರುತ್ತೆ, ಸ್ವಲ್ಪ ಒಗರು. ಮಳೇಲಿ ನೆಂದ್ರೂ ಕೆಡಲ್ಲ, ಹಕ್ಕೀನೂ ಮುಟ್ಟಲ್ಲ. ಕೆಟ್ಟ ವರ್ಷಕ್ಕೆ ಅದೇ ಊಟ, ಅದೇ ಬೀಜ. ಎರಡನ್ನೂ ಕೂಡಿಸೇ ಬಿತ್ತೋದು. ನೀವು ಕಳಿಸಿದ್ರಲ್ಲಿ ಒಂದೂ ಕೆಂಪು ಇರಲಿಲ್ಲ. ಬೇರೆ ಊರಿನ ಚೀಲ ಏನಾದ್ರೂ ಅದಲು ಬದಲಾಯ್ತಾ ಅಂತ ಕೇಳೋಣ ಅಂತ ಬಂದೆ."

ಅಕ್ಕ ಬಾರ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಚೀಲ ಅದಲು ಬದಲಾಗಿರಲಿಲ್ಲ. ಆ ಜೋಳ ಅವಳಿಗೆ ಚೆನ್ನಾಗಿ ನೆನಪಿತ್ತು.

ಅವಳು ಈ ಕೆಲಸಕ್ಕೆ ಸೇರಿದ್ದು ಮದುವೆಯಾದ ಹೊಸತರಲ್ಲಿ. ಕಾಳು ಆರಿಸುವುದನ್ನು ಕಲಿತದ್ದು ಅತ್ತೆಯ ಕೈಕೆಳಗೆ. ಆ ಮನೆಯಲ್ಲಿ ಊಟದಲ್ಲಿ ಒಂದು ಕಲ್ಲು ಹಲ್ಲಿಗೆ ಸಿಕ್ಕರೆ ಮಾವ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದರು. ಆಮೇಲೆ ಅತ್ತೆ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದಳು. ಅಂಥ ಅತ್ತೆಯೇ ಬೀದಿಯವರ ಮುಂದೆ, "ನನ್ನ ಸೊಸೆ ಮೊರ ಹಿಡಿದ್ರೆ ಗುಬ್ಬಿಗಳು ಪಕ್ಕದ ಮನೆಗೆ ಹೋಗ್ಬೇಕು," ಎಂದು ಹೇಳಿಕೊಳ್ಳುತ್ತಿದ್ದಳು. ಉಗ್ರಾಣದಲ್ಲಿ ಆಗಿನ ಹಿರಿಯ ಅಧಿಕಾರಿ ಮಾರಾಟದ ಬೀಜದ ಕಾರ್ಖಾನೆಯಲ್ಲಿ ಪಳಗಿ ಬಂದವರು. ಅವರಿಗೆ ಬೀಜವೆಂದರೆ ಒಂದೇ ಅಳತೆ, ಒಂದೇ ಬಣ್ಣ. ಮೇಜಿನ ಮೇಲೆ ಬಾಗಿ ನೋಡಿ, "ಹದ್ದಿನ ಕಣ್ಣಮ್ಮಾ ನಿನ್ನದು," ಎಂದಿದ್ದರು. ಅಂದಿನಿಂದ ಎಲ್ಲರಿಗೂ ಅವಳು ಹದ್ದುಗಣ್ಣಿನ ಅಕ್ಕ.

ನದಿಯಾಚೆಯ ಜೋಳ ಹಿಂದಿನ ಹೊಲದಲ್ಲಿ ಬೆಳೆದು ಮೊದಲ ಸಲ ಅವಳ ಮೇಜಿಗೆ ಬಂದಾಗ ಬಿಳಿಯ ನಡುವೆ ಕೆಂಪು ಕಾಳು ಧಾರಾಳವಾಗಿತ್ತು. ಬೆರಕೆ ಎಂದುಕೊಂಡಳು. ಊರಲ್ಲಿ ಒಕ್ಕುವಾಗಲೇ ಪಕ್ಕದ ಹೊಲದ್ದು ಸೇರಿರಬೇಕು, ಹಳ್ಳಿಯವರಿಗೆ ಇಷ್ಟು ನಿಗಾ ಇರುವುದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಒಂದೊಂದಾಗಿ ಆರಿಸಿ ತೆಗೆದಳು. ಮತ್ತೆ ಬಿತ್ತಿ ಬೆಳೆದು ತಂದಾಗ ಕೆಂಪು ಕಡಿಮೆಯಿತ್ತು, ಅದನ್ನೂ ತೆಗೆದಳು. ಮೂರನೆಯ ಸಲ ತೆಗೆಯುವುದಕ್ಕೆ ಏನೂ ಉಳಿದಿರಲಿಲ್ಲ. ಆ ದಿನ ಅವಳಿಗೆ ಹಬ್ಬವಾದಷ್ಟು ಖುಷಿಯಾಗಿತ್ತು. ತೆಗೆದ ಕಾಳನ್ನೆಲ್ಲ ಡಬ್ಬಿಯಲ್ಲಿ ತುಂಬಿ ಗೇಟಿನ ಕಾವಲುಗಾರನಿಗೆ ಕೊಡುತ್ತಿದ್ದಳು. ಅವನು ಕೋಳಿ ಸಾಕಿದ್ದ. "ನಿಮ್ಮ ದಯದಿಂದ ನನ್ನ ಕೋಳಿಗಳು ಮಂತ್ರಿಗಳ ಹಾಗೆ ತಿಂತಾವೆ ಅಕ್ಕಾ," ಎಂದು ಅವನು ನಗುತ್ತಿದ್ದ.

ಈಗ ರೈತ ಅವಳ ಉತ್ತರಕ್ಕಾಗಿ ಕಾಯುತ್ತಿದ್ದ. ಮೇಡಂ ಮೀಟಿಂಗಿನಲ್ಲಿದ್ದಾರೆ, ಆಮೇಲೆ ಬನ್ನಿ ಎಂದು ಸಾಗಹಾಕಬಹುದಿತ್ತು. ಅಕ್ಕ ಎದ್ದು ಅವನಿಗೆ ಕುರ್ಚಿ ಎಳೆದು ಕೊಟ್ಟಳು. ನೀರು ಕೊಟ್ಟಳು. ಅವನು ಕುಡಿದು ಲೋಟ ಕೆಳಗಿಡುವವರೆಗೂ ನಿಂತೇ ಇದ್ದಳು.

"ಚೀಲ ನಿಮ್ಮದೇ ಅಣ್ಣಾ. ಕೆಂಪು ಕಾಳು ತೆಗೆದಿದ್ದು ನಾನು."

"ಯಾಕೆ?"

"ಕಸ ಅಂದ್ಕೊಂಡೆ."

ಅವನು ಅವಳ ಕೈಗಳನ್ನು ನೋಡಿದ. "ನಮ್ಮಮ್ಮನ ಕೈಗೆ ಸಿಗಬೇಡಿ. ಸೌಟು ತಗೊಂಡು ಬೆರಳ ಗೆಣ್ಣಿನ ಮೇಲೆ ಕೊಡ್ತಾಳೆ. ನನಗೂ ಕೊಟ್ಟಿದ್ದಾಳೆ, ಚಿಕ್ಕವನಿದ್ದಾಗ, ಇದೇ ಕೆಲಸಕ್ಕೆ."

ಅವನು ಬೈದಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತು.

ಮೇಡಂ ಎಂದರೆ ಉಗ್ರಾಣದ ಈಗಿನ ಮುಖ್ಯಸ್ಥೆ. ಮಾತು ಕಡಿಮೆ, ನಡಿಗೆ ಜೋರು. ಇಬ್ಬರ ಮಾತನ್ನೂ ಪೂರ್ತಿ ಕೇಳಿದರು. ಬಣ್ಣ ನೋಡಿ ಆರಿಸಬಾರದು ಎಂಬ ನಿಯಮ ಬಂದದ್ದೇ ತಾವು ಬಂದ ಮೇಲೆ, ತಪ್ಪು ಒಬ್ಬರದಲ್ಲ ಎಂದರು. ಆಮೇಲೆ ಉಳಿದ ಮೂರು ಉಗ್ರಾಣಗಳಿಗೂ ಅಲ್ಲೇ ಕೂತು ಫೋನ್ ಮಾಡಿದರು. ಎರಡು ಕಡೆ ಹಳೆಯ ಪಾಲು ತೆಗೆದು ಹೊಸದಿಟ್ಟಿದ್ದರು, ಅದು ಅಕ್ಕನ ಮೇಜಿನಿಂದಲೇ ಹೋದ ಬೀಜ, ಹಾಲಿನಷ್ಟು ಬಿಳಿ. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಉಳಿಯಲಿ ಎಂದು ಮಾಡಿದ ವ್ಯವಸ್ಥೆ, ಅವಳ ಕೈಯ ತಪ್ಪನ್ನು ಒಂದಿಷ್ಟೂ ಕೆಡಿಸದೆ ದೇಶದಿಂದ ದೇಶಕ್ಕೆ ಮುಟ್ಟಿಸಿತ್ತು.

ಮೂರನೆಯದು ಬೆಟ್ಟದ ದೇಶದ ಉಗ್ರಾಣ. ಅಲ್ಲಿ ಒಂದು ಮೊಹರು ಹಾಕಿದ ಪೆಟ್ಟಿಗೆಯಿತ್ತು. ಅಕ್ಕ ಕೆಲಸಕ್ಕೆ ಸೇರುವ ಮೊದಲೇ ಕಳಿಸಿದ್ದು, ಆಮೇಲೆ ಬದಲಾಯಿಸಿರಲಿಲ್ಲ. ಕಳಿಸಿದವರ ಅಪ್ಪಣೆಯಿಲ್ಲದೆ ಮೊಹರು ಒಡೆಯುವಂತಿಲ್ಲ ಎಂಬುದು ಒಪ್ಪಂದ, ಹಾಗಾಗಿ ಅದನ್ನು ಯಾರೂ ಮುಟ್ಟಿರಲಿಲ್ಲ. ಪೆಟ್ಟಿಗೆ ತರಿಸುವುದೆಂದಾಯಿತು. ರೈತ ಮೊಳಕೆಯ ಪರೀಕ್ಷೆ ಮುಗಿದ ಮೇಲೆ ಬರುತ್ತೇನೆಂದು ನದಿ ದಾಟಿದ.

ಆ ದಿನಗಳಲ್ಲಿ ಅಕ್ಕ ಮನೆಯಲ್ಲಿ ಮೊರ ಮುಟ್ಟಲಿಲ್ಲ. ಅಕ್ಕಿಯನ್ನು ಹಾಗೇ ತೊಳೆದು ಒಲೆಯ ಮೇಲಿಟ್ಟಳು. ಶಾಲೆಯ ವ್ಯಾನು ಓಡಿಸುವ ಗಂಡ ತುತ್ತು ಬಾಯಿಗಿಟ್ಟವನು ಕಟಕ್ಕೆಂದು ಕಲ್ಲು ಕಚ್ಚಿ ಅಗಿಯುವುದನ್ನು ನಿಲ್ಲಿಸಿದ.

"ಏನೇ ಇದು, ಹದ್ದು ರಜಾ ಹಾಕಿದೆಯಾ?"

"ಉಗುಳಿ ಊಟ ಮಾಡಿ."

"ಆಯ್ತು ಮಾರಾಯ್ತಿ. ನಮ್ಮಪ್ಪ ಇದ್ದಿದ್ರೆ ತಟ್ಟೆ ಸರಿಸ್ತಿದ್ರು, ನಾನು ಹಲ್ಲು ಸರಿಸ್ತೀನಿ."

ಅವಳು ನಗಲಿಲ್ಲ. ಅವನು ಕಲ್ಲನ್ನು ತಟ್ಟೆಯ ಅಂಚಿಗಿಟ್ಟು, "ನೀನು ಬೇಕಂತ ಮಾಡಿದ್ದಲ್ಲ," ಎಂದ. ಬೇಕೆಂದೇ ಮಾಡಿದ್ದು ಎಂದು ಅವಳಿಗೆ ಗೊತ್ತಿತ್ತು. ಒಂದೊಂದು ಕಾಳನ್ನೂ ನೋಡಿ, ಗುರುತಿಸಿ, ಬೆರಳಲ್ಲಿ ಹಿಡಿದು, ಬೇಕೆಂದೇ ತೆಗೆದದ್ದು. ಅದರ ಬಗ್ಗೆ ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಜೋಳ ತಂದುಕೊಟ್ಟ ಊರಿನ ಕಡೆಯವರು ಆಗಾಗ ಉಗ್ರಾಣಕ್ಕೆ ಬಂದು ಹೋಗುತ್ತಿದ್ದ ಕಾಲವದು, ಕೇಳಿದ್ದರೆ ಹೇಳುತ್ತಿದ್ದರು.

ಪೆಟ್ಟಿಗೆ ಬಂತು. ಮೇಡಂ ಮೊಹರು ಒಡೆದು ಕಾಗದದ ಲಕೋಟೆಯನ್ನು ಅಕ್ಕನ ಬಿಳಿ ತಟ್ಟೆಯ ಮೇಲೆ ಸುರಿದರು. ಕೆಂಪು ಕಾಳುಗಳು ಬಿಳಿಯ ನಡುವೆ ಹಾಗೇ ಇದ್ದವು. ಅಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡಿದಳು. ಒದ್ದೆ ಕಾಗದದಲ್ಲಿ ಸುರುಳಿ ಸುತ್ತಿ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮೊಳಕೆಗೆ ಇಟ್ಟರು. ಪ್ರತಿದಿನ ಬೆಳಿಗ್ಗೆ ಮೇಡಂ ಆ ಪೆಟ್ಟಿಗೆಯ ಬಾಗಿಲು ತೆಗೆದು ನೋಡುವಾಗ ಅಕ್ಕ ತನ್ನ ಮೇಜು ಬಿಟ್ಟು ಏಳುತ್ತಿರಲಿಲ್ಲ. ಮೊಳಕೆ ಬಂದಿಲ್ಲವೆಂದು ಅವರ ಬೆನ್ನನ್ನು ನೋಡಿಯೇ ಗೊತ್ತಾಗುತ್ತಿತ್ತು. ಬೆಟ್ಟದ ಉಗ್ರಾಣದಲ್ಲಿ ಯಾವುದೋ ಒಂದು ಬೇಸಿಗೆಯಿಡೀ ತಂಪು ಯಂತ್ರ ಕೆಟ್ಟು ನಿಂತಿತ್ತಂತೆ. ಬಿಳಿಯೂ ಒಡೆಯಲಿಲ್ಲ, ಕೆಂಪೂ ಒಡೆಯಲಿಲ್ಲ. ಕೊನೆಗೆ ಸುರುಳಿ ಬಿಚ್ಚಿದಾಗ ಕಾಳುಗಳು ಮೆತ್ತಗಾಗಿ ಕಾಗದಕ್ಕೆ ಅಂಟಿಕೊಂಡಿದ್ದವು.

ರೈತ ಹೇಳಿದಂತೆ ಬಂದ. ಅಕ್ಕನೇ ಅವನಿಗೆ ಸುರುಳಿ ಬಿಚ್ಚಿ ತೋರಿಸಿದಳು. ಅವನು ಒಂದು ಕೆಂಪು ಕಾಳನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡ.

"ಇದೇ. ಇದೇ ನೋಡಿ ನಮ್ದು."

"ಅಮ್ಮನಿಗೆ ಏನು ಹೇಳ್ತೀರಿ?"

"ಏನು ಹೇಳೋದು ಅಕ್ಕಾ? ಅವಳೇ ಮೊದಲು ಹೇಳಿದ್ದಲ್ವಾ."

ಸುತ್ತಲಿನ ಊರುಗಳಲ್ಲಿ ಯಾರ ಅಟ್ಟದಲ್ಲಾದರೂ ಇದ್ದೀತು ಎಂದು ಮೇಡಂ ನಾಲ್ಕೂ ದೇಶಗಳಿಗೆ ಕೆಂಪು ಜೋಳದ ಚಿತ್ರ ಕಳಿಸಿದ್ದಾರೆ. ಇಲ್ಲಿಯವರೆಗೆ ಯಾರೂ ಇದೆ ಎಂದಿಲ್ಲ. ಅಕ್ಕ ಅದೇ ಮೇಜಿನಲ್ಲಿದ್ದಾಳೆ. ಕಲ್ಲು, ಹೊಟ್ಟು, ಜೊಳ್ಳು ಮಾತ್ರ ತೆಗೆಯುತ್ತಾಳೆ. ಬೇರೆ ಬಣ್ಣದ ಕಾಳು ಕಂಡರೆ ಮೇಡಂ ಅವರನ್ನು ಕರೆಯುತ್ತಾಳೆ, ಕೆಲವೊಮ್ಮೆ ಒಂದೇ ತಟ್ಟೆಗೆ ಎರಡೆರಡು ಸಲ.

ನದಿಯಾಚೆಯ ಊರಿನಲ್ಲಿ ಈ ಹಂಗಾಮಿಗೂ ಬಿಳಿ ಜೋಳವನ್ನೇ ಬಿತ್ತುತ್ತಾರೆ. ಬೀಜ ಈ ಉಗ್ರಾಣದಿಂದಲೇ ಹೋಗಿದೆ. ಕೊಯ್ಲನ್ನು ಮಳೆಗೆ ಮುಂಚೆ ಮುಗಿಸಬೇಕು.