ಮಾವನ ಬಾಯಿಯ ಜೇಷ್ಠಮಧು

ಮೊನ್ನೆ ಬೈಂದೂರಿನ ಗ್ರಂಧಿಗೆ ಅಂಗಡಿಯಲ್ಲಿ ಜೇಷ್ಠಮಧುವಿನ ಕಡ್ಡಿಯ ವಾಸನೆ ಮೂಗಿಗೆ ಅಡರಿತು. ಪಕ್ಕದಲ್ಲಿ ಸೋದರಮಾವ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಯಾಕೆಂದು ಹೇಳುತ್ತೇನೆ ಕೇಳಿ. ಇದರಲ್ಲಿ ನನ್ನ ಪೆದ್ದುತನವೂ ಉಂಟು, ಹೆಮ್ಮೆಯೂ ಉಂಟು.

ಮಾವ ಸಾಲಿಗ್ರಾಮದವರು, ಯಕ್ಷಗಾನಕ್ಕೆ ಪದ ಹಾಡುವ ಭಾಗವತರು. ಗಂಟಲಿಗೆ ಒಳ್ಳೆಯದೆಂದು ಭಾಗವತರು ಜೇಷ್ಠಮಧುವಿನ ಚೂರನ್ನು ದವಡೆಗೆ ಒತ್ತಿಕೊಳ್ಳುವುದು ಹೊಸತಲ್ಲ. ಮಾವನದು ಮಾತ್ರ ಅತಿ. ಹಲ್ಲುಜ್ಜಿದ ಕೂಡಲೇ ಶುರುವಾದರೆ ಮಲಗುವವರೆಗೂ ಜಗಿದು ರಸ ನುಂಗುವುದೇ. ಕಡ್ಡಿಯನ್ನು ಕಟ್ಟುಗಟ್ಟಲೆ ತಂದುಕೊಡುತ್ತಿದ್ದವಳು ನಾನು, ಕುಂದಾಪುರದ ಕಾಲೇಜಿನಲ್ಲಿ ಜೀವರಸಾಯನ ಪಾಠ ಮಾಡುವ ಮಹಾಪಂಡಿತೆ!

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಮಾವನ ರಕ್ತದೊತ್ತಡ ಏರಿತು, ಪೊಟ್ಯಾಸಿಯಂ ಇಳಿಯಿತು, ಕೈಕಾಲು ಸೋತವು. ವೈದ್ಯರ ಮಾತ್ರೆಗೂ ಒತ್ತಡ ಜಗ್ಗಲಿಲ್ಲ.

"ತಾಳ ಹಿಡುಕೂ ಆತಿಲ್ಲೆ ಹೆಣ್ಣೇ. ಈ ಸರ್ತಿ ಮೇಳ ಬಿಡ್ತೆ" ಎಂದರು.

ಪದ ಬಿಟ್ಟ ಮಾವನನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಗಂಟಲಾದರೂ ಉಳಿಯಲಿ ಎಂದು ಇನ್ನೊಂದು ಕಟ್ಟು ಕಡ್ಡಿ ಕೊಟ್ಟು ಬಂದೆ.

ಆ ವಾರವೇ ತರಗತಿಯಲ್ಲಿ ಕಾರ್ಟಿಸೋಲ್ ಹಾರ್ಮೋನಿನ ಪಾಠ. ಪಿತ್ತಜನಕಾಂಗದ ಕಿಣ್ವವೊಂದು ಅದನ್ನು ಎಬ್ಬಿಸಿದರೆ, ಮೂತ್ರಪಿಂಡದಲ್ಲಿರುವ ಆ ಕಿಣ್ವದ ತಮ್ಮ ಅದನ್ನು ಮಲಗಿಸುತ್ತಾನೆ. ತಮ್ಮ ಕೈಬಿಟ್ಟರೆ, ಎದ್ದೇ ಇರುವ ಕಾರ್ಟಿಸೋಲಿನ ಮಾತು ಕೇಳಿ ಮೂತ್ರಪಿಂಡ ಉಪ್ಪು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತದೆ, ಒತ್ತಡ ಏರುತ್ತದೆ. "ಈ ತಮ್ಮನ ಕೈ ಕಟ್ಟುವ ವಸ್ತು ಜೇಷ್ಠಮಧು..." ಎಂದವಳು ಸೀಮೆಸುಣ್ಣ ಹಿಡಿದು ನಿಂತೇಬಿಟ್ಟೆ. ವರ್ಷವೂ ಹೇಳುವ ಪಾಠ! ಅಯ್ಯೋ ನನ್ನ ತಲೆಯೇ!

ಸಿಕ್ಕಿದ ಬಸ್ಸು ಹತ್ತಿ ಹೋಗಿ ಮಾವನ ಬಾಯಿಂದಲೇ ಕಡ್ಡಿ ಕಿತ್ತೆ.

"ಹ್ವಾಯ್, ಎಂತ ಮರ್ಲಾ ನಿಂಗೆ? ಇದ್ ಬಿಟ್ರೆ ಸ್ವರ ಹೋತ್ತ್!"

"ಬಿಡ್ದಿರೆ ನೀವೇ ಹೋತ್ರಿ!" ಎಂದೆ.

ಮಾವನನ್ನು ಕರೆದೊಯ್ದಾಗ ವೈದ್ಯರು ಎಲ್ಲ ಕೇಳಿ, ಪೆನ್ನು ಕೆಳಗಿಟ್ಟು, "ಇದನ್ನ್ ಮೊದ್ಲೇ ಹೇಳುಕಾಗ್ದಾ?" ಎಂದರು.

ಕಡ್ಡಿ ನಿಂತಿತು. ಕೆಲವು ವಾರಗಳಲ್ಲಿ ಒತ್ತಡ ಇಳಿದು, ಕೈಕಾಲಿಗೆ ಬಲ ಬಂತು. ಆದರೆ ಸ್ವರ? ಹಟ್ಟಿಯಂಗಡಿ ಊರಿನ ಮಧ್ಯಾಹ್ನದ ತಾಳಮದ್ದಳೆಗೆ, ಅಂದರೆ ವೇಷವಿಲ್ಲದ ಯಕ್ಷಗಾನಕ್ಕೆ, ಮಾವ ಬರೀ ಬಿಸಿನೀರು ಕುಡಿದು ಕೂತರು. ನಾನು ಸೆರಗು ಕಚ್ಚಿಕೊಂಡು ಕೂತೆ. ಮೊದಲ ಪದದಲ್ಲೇ ಸ್ವರ ಮೇಲೇರಿತು, ಏರಿದ್ದು ಒಡೆಯಲಿಲ್ಲ. ನಾಚಿಕೆಯಿಲ್ಲದೆ ಗೊಳೋ ಎಂದು ಅತ್ತೆ.

ಈಗ ಅಂಗಡಿಯಲ್ಲಿ ಮಾವ ಕಡ್ಡಿಯೊಂದನ್ನು ಎತ್ತಿ, "ಹೆಣ್ಣೇ, ಮೂಸಿರೂ ಬಿಪಿ ಏರತ್ತಾ?" ಎಂದರು.

"ಮೂಸಿ, ಎಷ್ಟ್ ಬೇಕಾರೂ ಮೂಸಿ."

ಮೂಸಿ, ಕಡ್ಡಿಯನ್ನು ಡಬ್ಬಿಗೆ ಹಾಕಿ, ನಿಂತಲ್ಲೇ ಪದ ಎತ್ತಿದರು. ಎಪ್ಪತ್ತು ದಾಟಿದ ಸ್ವರ, ಒಂದಿಷ್ಟೂ ನಡುಗಲಿಲ್ಲ. ಅಂಗಡಿಯವನು ಜೀರಿಗೆ ತೂಗುವುದನ್ನು ನಿಲ್ಲಿಸಿದ. ಈ ಸಲ ನಾನು ಅಳಲಿಲ್ಲ. ಕಟ್ಟೆಯ ಮೇಲೆ ಕೈ ಬಡಿದು ತಾಳ ಹಾಕಿದೆ.