ಮೆಷಿನ್ ನಿಂತರೆ ದೊರೆಸಾನಿ ಏಳುತ್ತಾಳೆ

ಲೋಕದ ಮಕ್ಕಳೆಲ್ಲ ಸದ್ದಾದರೆ ಏಳುತ್ತವೆ. ನನ್ನ ನಾದಿನಿಯ ಮಗಳು ಸದ್ದು ನಿಂತರೆ ಏಳುತ್ತಿದ್ದಳು.

ನಾದಿನಿ ಎಂದರೆ ನನ್ನ ಹೆಂಡತಿಯ ತಂಗಿ. ಅವಳ ಗಂಡನಿಗೆ ಊರೂರು ಸುತ್ತುವ ಕೆಲಸ. ತಿಂಗಳಿಗೆ ಎರಡು ಸಲ ನೆಂಟನ ಹಾಗೆ ಬಂದು, ಮಗಳಿಗೆ ಗುರುತು ಹತ್ತುವಷ್ಟರಲ್ಲಿ ಹೊರಟುಬಿಡುವನು. ಹಾಗಾಗಿ ಇವಳು ವರ್ಷದ ಕೂಸನ್ನು ಕಂಕುಳಲ್ಲಿ ಇರುಕಿಕೊಂಡು, ಅತ್ತೆ ಕೊಟ್ಟ ಹಳೆಯ ಹೊಲಿಗೆ ಮೆಷಿನ್ನನ್ನು ಹೊರಿಸಿಕೊಂಡು ನಮ್ಮ ಮಹಡಿಯ ಕೋಣೆಗೆ ಬಂದಳು. ಕಾಲಲ್ಲಿ ತುಳಿಯುವ ಮೆಷಿನ್. ತುಳಿದರೆ ಮಹಡಿಯೆಲ್ಲ ನಡುಗುತ್ತಿತ್ತು.

ಬಂದ ವಾರದಲ್ಲೇ, "ಭಾವ, ನಾನು ಫ್ಯಾಷನ್ ಬಿಸಿನೆಸ್ ಶುರು ಮಾಡ್ತೀನಿ" ಎಂದಳು.

ನಾನು ಅವಳ ಹೆಗಲ ಮೇಲಿನ ಜೊಲ್ಲಿನ ಕಲೆಯನ್ನೂ ಕೂದಲಿಗೆ ಮೆತ್ತಿದ್ದ ಬಿಸ್ಕತ್ತಿನ ಚೂರನ್ನೂ ನೋಡಿ "ಒಳ್ಳೇದು" ಎಂದೆ. ಒಂದು ಪದದೊಳಗೆ ಎಷ್ಟು ಅಪನಂಬಿಕೆ ತುರುಕಬಹುದೋ ಅಷ್ಟನ್ನೂ ತುರುಕಿದ್ದೆ.

ಆದರೆ ಅವಳ ಉಡುಪುಗಳು ಹುಟ್ಟಿದ್ದೇ ಆ ಜೊಲ್ಲಿನಿಂದ. ಮಗು ಕಚ್ಚುತ್ತದೆ ಎಂದು ಎದೆಯ ಗುಂಡಿಗಳು ಭುಜಕ್ಕೆ ಹೋದವು. ಎರಡು ಕೈಯೂ ಮಗುವಿಗೇ ಬೇಕು, ಬೀಗದ ಕೈ ಎಲ್ಲಿಡೋದು ಎಂದು ಎರಡು ಪಕ್ಕದಲ್ಲೂ ಮೊಣಕೈ ಮುಳುಗುವಷ್ಟು ಆಳದ ಜೇಬು ಬಂತು. ಕಲೆ ಬಿದ್ದರೂ ಹೂವಿನಲ್ಲಿ ಹೂವಾಗಿ ಸೇರಿಹೋಗುವಂಥ ಅಚ್ಚಿನ ಬಟ್ಟೆ. ಇಷ್ಟೆಲ್ಲ ಇದ್ದೂ ತೊಟ್ಟು ನಿಂತರೆ ಯಾರೂ "ಏನಮ್ಮ, ಮಗು ಮಲಗ್ತಾ?" ಎಂದು ಕೇಳುತ್ತಿರಲಿಲ್ಲ, "ಎಲ್ಲಿ ತಗೊಂಡೆ?" ಎಂದು ಕೇಳುತ್ತಿದ್ದರು.

ತೊಡಕೆಲ್ಲ ಮಗಳದ್ದು. ನಾನು ಅವಳಿಗೆ ದೊರೆಸಾನಿ ಎಂದು ಹೆಸರಿಟ್ಟಿದ್ದೆ. ಜೋಗುಳ ಹಾಡಿದರೆ ದೊರೆಸಾನಿ ಮುಖ ಕಿವುಚುವಳು. ಹೆಗಲ ಮೇಲೆ ಹಾಕಿಕೊಂಡು ನಡೆದರೆ ಊರು ನೋಡುವಳು. ಮೆಷಿನ್ನಿನ ಪಕ್ಕದ ಬಟ್ಟೆಯ ಗುಡ್ಡೆಯ ಮೇಲೆ ಹಾಕಿ ನಾಲ್ಕು ಸಲ ತುಳಿದರೆ ಮಾತ್ರ ಕಣ್ಣು ಮುಚ್ಚುವಳು. ತುಳಿಯುವುದು ನಿಂತರೆ, ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಕಣ್ಣು ಬಿಡುವಳು. ಆ ಸದ್ದನ್ನು ಫೋನಿನಲ್ಲಿ ಹಿಡಿದು ಕೇಳಿಸಿಯೂ ನೋಡಿದೆವು. ದೊರೆಸಾನಿ ಎದ್ದು ಕೂತು ಫೋನ್ ಬೇಕೆಂದು ಕೈ ಚಾಚಿದಳು.

ಹೊಲಿಗೆ ಎಂದರೆ ಬರೀ ತುಳಿಯುವುದಲ್ಲವಲ್ಲ. ಬಟ್ಟೆ ಕತ್ತರಿಸಬೇಕು, ಗುಂಡಿ ಹಚ್ಚಬೇಕು, ಇಸ್ತ್ರಿ ಹಾಕಬೇಕು. ಅಷ್ಟು ಹೊತ್ತು ತುಳಿಯುವವರು ಯಾರು? ನನ್ನ ಹೆಂಡತಿ ಬೆಳಗ್ಗೆ ಆಫೀಸಿಗೆ ಹೋಗುವವಳು. ನಾನು ಮನೆಯಲ್ಲೇ ಕೂತು ಪತ್ರಿಕೆಗಳಿಗೆ ಬರೆಯುವವನು. ಹಾಗೆಂದರೆ ನಮ್ಮ ಮನೆಯ ನಿಘಂಟಿನಲ್ಲಿ ಬಿಡುವಾಗಿರುವವನು ಎಂದು ಅರ್ಥ.

"ಭಾವಾ, ಬಿಡುವಾಗಿದ್ದೀರಾ?" ಎಂಬ ಕೂಗು ಬಂದರೆ ಮಹಡಿ ಹತ್ತಬೇಕು. ಮೊದಲ ದಿನ ಗಾಲಿಯನ್ನು ಹಿಂದಕ್ಕೆ ತಿರುಗಿಸಿ ದಾರ ತುಂಡು ಮಾಡಿದೆ. ಎರಡನೆಯ ದಿನ ಸೂಜಿ ಮುರಿದೆ. ಮೂರನೆಯ ದಿನದಿಂದ ಅವಳು ದಾರ, ಬಟ್ಟೆ ಎರಡನ್ನೂ ತೆಗೆದಿಟ್ಟೇ ನನ್ನನ್ನು ಕೂರಿಸತೊಡಗಿದಳು. "ನೀವು ಗಾಳಿ ಹೊಲೀರಿ ಭಾವ, ಸಾಕು."

ಹೀಗಿರುವಾಗ ಮುಖ್ಯ ಬೀದಿಯ ದೊಡ್ಡ ಬಟ್ಟೆ ಅಂಗಡಿಯ ಯಜಮಾನಿಯ ಕಣ್ಣಿಗೆ ಅವಳ ಒಂದು ಉಡುಪು ಬಿತ್ತು. "ಗುರುವಾರ ಮೂರು ಗಂಟೆಗೆ ನಿನ್ನ ಮನೆಗೇ ಬರ್ತೀನಿ. ಎಂಟು ಪೀಸ್ ರೆಡಿ ಇಟ್ಟಿರು. ಹಿಡಿಸಿದ್ರೆ ಅಂಗಡೀಲಿ ನಿನಗೇ ಅಂತ ಒಂದು ರ್‍ಯಾಕ್. ಆದ್ರೆ ಒಂದು ಮಾತು. ಚಿಕ್ಕ ಮಗು ಇರೋ ಮನೆಗೆ ಕೆಲಸ ಕೊಟ್ಟು ಮೂರು ಸಲ ಕೈ ಸುಟ್ಟುಕೊಂಡಿದ್ದೀನಮ್ಮ. ಹೇಳಿದ ದಿನಕ್ಕೆ ಒಂದೂ ಬರಲ್ಲ. ನಿನಗೆ ಆ ತಾಪತ್ರಯ ಇಲ್ಲ ತಾನೇ?" ಎಂದರಂತೆ.

"ನೀನೇನಂದೆ?" ಎಂದು ಕೇಳಿದೆ.

"ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಕ್ಕೆ."

ಆ ರ್‍ಯಾಕ್ ಸಿಕ್ಕರೆ ಅವಳದೊಂದು ಹೆಸರು. ಇಲ್ಲದಿದ್ದರೆ ಅಕ್ಕಪಕ್ಕದವರ ಬಟ್ಟೆಗೆ ಅಂಚು ಮಡಚಿಕೊಂಡೇ ಇರಬೇಕು.

ಗುರುವಾರ ಬೆಳಗ್ಗೆ ನನ್ನ ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದಳು: "ರೀ, ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡು ಕಾಲು ಆಡಿಸಿ. ದಿನಾ ಮಾಡೋದರ ಉಲ್ಟಾ."

ಮೂರಕ್ಕೆ ಸರಿಯಾಗಿ ಯಜಮಾನಿ ಬಂದರು. ಪರದೆಯ ಹಿಂದೆ ದೊರೆಸಾನಿ, ಪರದೆಯ ಮುಂದೆ ಮೆಷಿನ್, ಮೆಷಿನ್ನಿನ ಮೇಲೆ ಬೆವರುತ್ತಿರುವ ನಾನು. ಯಜಮಾನಿ ಉಡುಪುಗಳನ್ನು ಒಳಹೊರಗು ಮಾಡಿ ಹೊಲಿಗೆ ಎಳೆದು ನೋಡಿದರು. ಜೇಬಿನೊಳಗೆ ಕೈಬಿಟ್ಟು, "ಅಬ್ಬಾ, ಇದರಲ್ಲಿ ನನ್ನ ಅಂಗಡೀನೇ ಹಿಡಿಸುತ್ತಲ್ಲೇ!" ಎಂದರು. ನನ್ನ ಕಾಲಿಗೆ ಹುಮ್ಮಸ್ಸು ಬಂತು. ಆಗಲೇ ಅವರು ಕನ್ನಡಕ ಮೂಗಿಗಿಳಿಸಿ ನನ್ನತ್ತ ತಿರುಗಿದರು.

"ಇವರು?"

"ನಮ್ಮ ಭಾವ."

"ಹೊಲೀತಾರಾ?"

"ಕಲೀತಿದ್ದಾರೆ."

"ಏನ್ರೀ, ಹತ್ತು ನಿಮಿಷದಿಂದ ನೋಡ್ತಿದ್ದೀನಿ. ಸೂಜೀಲಿ ದಾರ ಇಲ್ಲ, ಕೆಳಗೆ ಬಟ್ಟೆ ಇಲ್ಲ. ಅದೇನು ಹೊಲೀತಿದ್ದೀರಿ?"

ಇಪ್ಪತ್ತು ವರ್ಷ ಮಾತನ್ನೇ ಮಾರಿ ಹೊಟ್ಟೆ ಹೊರೆದವನು ನಾನು. ಆದರೆ ಯೋಚಿಸುವುದು, ತುಳಿಯುವುದು ಎರಡೂ ಒಟ್ಟಿಗೆ ನನ್ನಿಂದಾಗದ ಕೆಲಸ. ಉತ್ತರ ಹುಡುಕುವ ಗಡಿಬಿಡಿಯಲ್ಲಿ ಕಾಲು ನಿಂತುಹೋಯಿತು.

ಒಂದು. ಎರಡು. ಮೂರು.

"ಅಮ್ಮಾ!" ಎಂದು ಪರದೆ ಕಿರುಚಿತು.

ಯಜಮಾನಿಯ ಮುಖ ಇಸ್ತ್ರಿ ಹಾಕಿದಂತೆ ಚಪ್ಪಟೆಯಾಯಿತು. "ಮಗು ಇದೆ."

"ಇದೆ ಮೇಡಂ."

"ಹೇಳಲಿಲ್ಲ."

"ಹೇಳಿದ್ರೆ ನೀವು ಬರ್ತಿರಲಿಲ್ಲ."

ಯಜಮಾನಿ ಬ್ಯಾಗು ಹೆಗಲಿಗೇರಿಸಿದರು. ಹೆಣ್ಣುಮಗಳೊಬ್ಬಳ ಎರಡು ತಿಂಗಳ ದುಡಿಮೆಯನ್ನು ಎಡಗಾಲಲ್ಲಿ ಒದ್ದೆನಲ್ಲ ಎಂದು ನಾನು ಸ್ಟೂಲಿನ ಮೇಲೆ ಕುಗ್ಗಿಹೋದೆ. ನಾದಿನಿ ಮಾತ್ರ ಕುಗ್ಗಲಿಲ್ಲ. "ಏಳಿ ಭಾವ" ಎಂದಳು. ಪರದೆ ಸರಿಸಿ, ಅಳುತ್ತಿದ್ದ ದೊರೆಸಾನಿಯನ್ನು ಗುಡ್ಡೆಯ ಮೇಲೆ ಸರಿಯಾಗಿ ಮಲಗಿಸಿ, ಸೂಜಿಗೆ ದಾರ ಪೋಣಿಸಿ, ಅರ್ಧ ಮುಗಿದಿದ್ದ ಉಡುಪೊಂದನ್ನು ಅದರ ಕೆಳಗಿಟ್ಟು ತುಳಿಯತೊಡಗಿದಳು.

"ಎರಡೇ ನಿಮಿಷ ನಿಂತು ನೋಡಿ ಮೇಡಂ, ಆಮೇಲೆ ಹೋಗಿ."

ಮಹಡಿ ನಡುಗಿತು. ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ಆಕಳಿಕೆಯಾಯಿತು. ದೊರೆಸಾನಿಯ ಬಾಯಿ ತೆರೆದುಕೊಂಡಿತು, ಕಣ್ಣು ಮುಚ್ಚಿಕೊಂಡಿತು.

"ಮಗು ಮಲಗಿದಾಗ ಕದ್ದು ಮುಚ್ಚಿ ಹೊಲೀತೀನಿ ಅಂದ್ಕೊಂಡ್ರಾ? ನಾನು ಹೊಲಿದ್ರೇನೇ ಇವಳು ಮಲಗೋದು. ಬೇರೆಯವರು ಬೇಜಾರಾದ್ರೆ ಕೈ ನಿಲ್ಲಿಸಿ ಫೋನ್ ನೋಡ್ತಾರೆ. ನಾನು ನಿಲ್ಲಿಸಿಬಿಡಲಿ ನೋಡೋಣ! ನೀವು ಕೇಳಿದ್ದು ಎಂಟು. ಅದು ಮಂಗಳವಾರವೇ ಮುಗೀತು. ಇದು ಹನ್ನೊಂದನೇದು."

ಯಜಮಾನಿ ಮಲಗಿದ್ದ ಮಗುವನ್ನು ನೋಡಿದರು, ಓಡುತ್ತಿದ್ದ ಅಂಚನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

"ಈ ಮಗೂನಂಥ ಮೇಸ್ತ್ರಿ ನನ್ನ ಅಂಗಡೀಲಿ ಒಬ್ಬಳಿದ್ದಿದ್ರೆ ನಾನು ಎಲ್ಲೋ ಇರ್ತಿದ್ದೆ. ಆಯ್ತು. ಬಾಗಿಲ ಪಕ್ಕದ ರ್‍ಯಾಕ್ ನಿಂದು. ತಿಂಗಳಿಗೆ ನಲವತ್ತು ಪೀಸ್."

"ಐವತ್ತು" ಎಂದಳು ನಾದಿನಿ, ತಲೆ ಎತ್ತದೆ.

"ಮೆಷಿನ್ ನಿಲ್ಲಿಸಿ ಮಾತಾಡಮ್ಮ."

"ನಿಲ್ಲಿಸೋಕ್ಕಾಗಲ್ಲ ಮೇಡಂ."

ಐವತ್ತಕ್ಕೇ ಮುಗಿಯಿತು.

ಈಗ ಮೂರು ವರ್ಷವಾಗಿದೆ. ಯಜಮಾನಿಯೇ ಆ ಜೇಬಿನ ಉಡುಪು ತೊಟ್ಟು ಅಂಗಡಿಯಲ್ಲಿ ನಿಲ್ಲುತ್ತಾರೆ. ನಾದಿನಿಯ ಪ್ರತಿ ಉಡುಪಿನ ಕುತ್ತಿಗೆಯ ಒಳಗೆ, ಹೆಸರಿನ ಕೆಳಗೆ, ಪುಟ್ಟದೊಂದು ತೆರೆದ ಕಣ್ಣಿನ ಕಸೂತಿ ಇರುತ್ತದೆ. ಯಾರ ಕಣ್ಣು ಎಂದು ಗಿರಾಕಿಗಳಿಗೆ ಗೊತ್ತಿಲ್ಲ. ನಮ್ಮ ಮಹಡಿ ಸಾಲದೆ ಪಕ್ಕದ ಬೀದಿಯಲ್ಲಿ ಹಾಲ್ ಹಿಡಿದಿದ್ದಾಳೆ. ಕರೆಂಟಿನ ಮೆಷಿನ್ ನಾಲ್ಕು, ಹೊಲಿಯುವ ಹೆಂಗಸರು ನಾಲ್ವರು. ಕೆಲಸ ಕೇಳಿಕೊಂಡು ಬಂದವರಿಗೆ ಅವಳ ಮೊದಲ ಪ್ರಶ್ನೆ, "ಚಿಕ್ಕ ಮಗು ಇದೆಯಾ?" ಇದೆ ಎಂದು ಅಳುಕುತ್ತ ಹೇಳಿದವರಿಗೇ ಕೆಲಸ.

ಕರೆಂಟಿನ ಮೆಷಿನ್ನುಗಳದು ಸೊಳ್ಳೆಯ ಸದ್ದು. ಅದಕ್ಕೆ ಯಾವ ಕೂಸೂ ಮಲಗುವುದಿಲ್ಲ. ಆದ್ದರಿಂದ ಮೂಲೆಯಲ್ಲಿ ಹಳೆಯ ಮೆಷಿನ್ ಇದೆ, ಅದರ ಪಕ್ಕ ಬಟ್ಟೆಯ ಗುಡ್ಡೆ, ಗುಡ್ಡೆಯ ಮೇಲೆ ಯಾರದಾದರೂ ಒಂದು ಮಗು. ಮಧ್ಯಾಹ್ನ ಎರಡಕ್ಕೆ ನನಗೆ ಫೋನ್ ಬರುತ್ತದೆ: "ಭಾವಾ, ಬಿಡುವಾಗಿದ್ದೀರಾ?"

ಹೋಗುತ್ತೇನೆ. ಮಂಡಿ ಕಟಕಟ ಅನ್ನುತ್ತದೆ. ಮಕ್ಕಳಿಗೆ ಅದೂ ಒಗ್ಗಿದೆ. ಈಗ ನನ್ನ ಮೇಲೆ ಮೇಸ್ತ್ರಿಕೆ ಮಾಡುವವಳು ದೊರೆಸಾನಿ. ಕೈಯಲ್ಲಿ ಅಳತೆಯ ಟೇಪು ಹಿಡಿದು ಪಕ್ಕದಲ್ಲೇ ನಿಂತಿರುತ್ತಾಳೆ.

"ದೊಡ್ಡಪ್ಪ, ನಿಲ್ಲಿಸಬೇಡ! ಪಾಪು ಏಳತ್ತೆ!"

ನಿಲ್ಲಿಸುವುದಿಲ್ಲ. ಆದರೆ ಸೂಜಿಗೆ ದಾರ ಹಾಕಿ ಕೊಡಿ ಎಂದು ಕೇಳಿದರೆ ಮಾತ್ರ ತಾಯಿ ಮಗಳಿಬ್ಬರೂ ಇಂದಿಗೂ ಒಪ್ಪುವುದಿಲ್ಲ.